ಮುಟ್ಟು ನಿಲ್ಲುವ ಕಾಲ

ಸೋದರಿಯರೇ, ಕಳೆದ ವರ್ಷ ಪಾಠ ಹೇಳುತ್ತಿರುವಾಗಲೇ ನಮಗೆ ಮೈ ಕಾದು ಬೆವರಿಳಿಯಿತು. ರಾತ್ರಿ ನಿದ್ರೆಯಿಲ್ಲ, ಹಗಲು ಕಾರಣವಿಲ್ಲದ ಕಣ್ಣೀರು. ಮನೆಯವರು ಸಿಡುಕೆಂದರು, ನಾವೂ ಸ್ವಭಾವದೋಷವೆಂದೇ ನಾಚಿದೆವು.

ಅದು ದೋಷವಲ್ಲ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ 46ರ ಸುಮಾರಿಗೆ ಮುಟ್ಟು ನಿಲ್ಲುವುದು. 12 ತಿಂಗಳು ಕಾಣದಿದ್ದರೆ ನಿಂತಿತೆಂದು ಎಣಿಕೆ. ಅದಕ್ಕೂ ಕೆಲವು ವರ್ಷ ಮೊದಲೇ ಈಸ್ಟ್ರೊಜೆನ್ ಎಂಬ ಅಂತಃಸ್ರಾವವು ಏರಿಳಿಯುತ್ತ ಕುಗ್ಗಿ, ಮೈಯ ತಾಪವನ್ನೂ ನಿದ್ರೆಯನ್ನೂ ಮನಸ್ಸನ್ನೂ ಕದಡುವುದು.

ಹತ್ತಿಯುಡುಪು, ನಿತ್ಯದ ನಡಿಗೆ, ಸಂಜೆಯ ಕಾಫಿಯ ವರ್ಜನೆ ಕೆಲವರಿಗೆ ನೆರವಾದಾವು. ಸಾಲದಿದ್ದರೆ ಹಾರ್ಮೋನು ಚಿಕಿತ್ಸೆಯುಂಟು. ಅದು ಎಲ್ಲರಿಗೂ ಒಗ್ಗದಾದುದರಿಂದ ವೈದ್ಯರ ವಿಚಾರಣೆ ಅವಶ್ಯ. ನಿಂತ ಮೇಲೆ ಮತ್ತೆ ರಕ್ತ ಕಂಡರೆ ತಡೆಯದೆ ತೋರಿಸತಕ್ಕದ್ದು. ಎರಡು ವಾರ ಮಂಕು ಕವಿದೇ ಇದ್ದರೆ ಹಣೆಬರಹವೆನ್ನಬೇಡಿರಿ. ವೈದ್ಯರನ್ನು ಕಾಣಿರಿ, ಅಥವಾ ಸರ್ಕಾರದ ಟೆಲಿ ಮಾನಸ್, 14416ಕ್ಕೆ ಮಾತನಾಡಿರಿ.

ನಾವು ಒಂದು ರಾತ್ರಿ ಮನೆಯಲ್ಲಿ ಇದ್ದುದನ್ನು ಇದ್ದಂತೆ ಹೇಳಿದೆವು. ಮಗಳು ಓದುತ್ತಿದ್ದ ಪುಸ್ತಕವನ್ನು ಕೆಳಗಿಟ್ಟು ಬೀಸಣಿಗೆ ತಂದಳು.