ಟೈರ್ ಆರಿಸೋದು ಪವರ್‌ಗಲ್ಲ, ಮಳೆಗೆ

ಮಳೆಗಾಲಕ್ಕೆ ಮುಂಚೆ ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರ ನನ್ನ ಟರ್ಬೋ ಕಾರಿಗೆ ಟೈರ್ ಹುಡುಕ್ತಿದ್ದೆ. ಬೇಕಿದ್ದದ್ದು 225/45 ಆರ್17 94ಡಬ್ಲ್ಯೂ. 94 ಅಂದ್ರೆ ಒಂದು ಟೈರ್ 670 ಕಿಲೋ ಹೊರುತ್ತೆ. ಡಬ್ಲ್ಯೂ ಅಂದ್ರೆ ಗಂಟೆಗೆ 270 ಕಿಲೋಮೀಟರ್‌ವರೆಗೆ ತಡೆಯುತ್ತೆ. ಒಂದು ಅಂಗಡಿಯಲ್ಲಿ ಅದೇ ಸೈಜ್, ಅರ್ಧ ಬೆಲೆ! ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿದೆ: 1217. ಅಂದ್ರೆ 2017ರ 12ನೇ ವಾರ ತಯಾರಾದದ್ದು. ಬಳಸಿರಲಿಲ್ಲ, ಆದ್ರೆ ರಬ್ಬರ್‌ಗೆ ವಯಸ್ಸಾಗಿತ್ತು. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನ ಹಿಡಿಯಲ್ಲ. ಹಿಂದಿನ ಸೀಟಲ್ಲಿ ಮಗಳು ಕೂರ್ತಾಳೆ. ಬೇಡ ಅಂತ ಹೊರಟೆ.

ಎಂಜಿನ್ ಎಷ್ಟೇ ದೊಡ್ಡದಿರಲಿ, ರಸ್ತೆಗೆ ತಾಗೋದು ನಾಲ್ಕು ಅಂಗೈಯಷ್ಟು ಜಾಗ. ಓಡಿಸೋಕೂ ಅದೇ, ನಿಲ್ಲಿಸೋಕೂ ಅದೇ. ಊರಿಗೆ ಹೊರಡೋ ಮುಂಚೆ ನಿಮ್ಮ ಕಾರಿನ ಆ ನಾಲ್ಕು ಅಂಕಿ ಒಮ್ಮೆ ಓದಿ.