ಕಪ್ಪು ಜನರ ಒಲವಿನ ಚರಿತ್ರೆ ಮತ್ತು ನಾವು

(ಸಂಘದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಂಚೆ ಇಲಾಖೆಯ ನನ್ನ ಅನುಭವಗಳನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೋರಿದ್ದರು. ವಿಷಯವನ್ನು ನಾನೇ ಬದಲಿಸಿಕೊಂಡೆ. ಅಮೆರಿಕೆಯ ಕಪ್ಪು ಜನರ ಪ್ರೀತಿಯ ಚರಿತ್ರೆಗೂ ಈ ಸಭೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ನನ್ನ ಮನೆಯಿಂದಲೇ ಆರಂಭವಾಗುತ್ತದೆ. ಅದನ್ನು ಮರೆಮಾಚಿ ಮಾತನಾಡಿದರೆ ಪ್ರಾಮಾಣಿಕವಾಗಲಾರದು.

ಕಳೆದ ವರ್ಷ, ಅಟ್ಲಾಂಟಾ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಫೋನ್ ಮಾಡಿ, ತಾನು ಮದುವೆಯಾಗಬಯಸಿದ ತರುಣನ ವಿಷಯ ತಿಳಿಸಿದಳು. ಅವನು ಶಾಲಾ ಶಿಕ್ಷಕ, ಕಪ್ಪು ಜನಾಂಗದವನು. ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಹುಡುಗ ಭಾಳ ಕಪ್ಪಗ ಅದಾನೇನು?" ಎಂಬುದು. ನಾನು ಏನನ್ನೂ ಕೇಳಲಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಕುರಿತು ಮಾತನಾಡಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವನು ನಾನು. ಆ ದಿನ ನನ್ನ ಮೌನ ಹೆಂಡತಿಯ ಪ್ರಶ್ನೆಗಿಂತ ಕೆಟ್ಟದಾಗಿತ್ತು. "ಅಪ್ಪಾ, ನೀವು ಅವರ ನೋವಷ್ಟ ಓದೀರಿ. ಅವರ ಮನೀ ಬಗ್ಗೆ ಎಂದಾದರೂ ಓದೀರೇನು?" ಎಂದು ಹೇಳಿ ಅವಳು ಫೋನ್ ಇಟ್ಟಳು. ಆ ಬಳಿಕ ನಾನು ಓದಿ ತಿಳಿದುದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಅಮೆರಿಕೆಯ ದಕ್ಷಿಣ ರಾಜ್ಯಗಳ ಕಾನೂನು ಗುಲಾಮರ ವಿವಾಹವನ್ನು ಮಾನ್ಯ ಮಾಡುತ್ತಿರಲಿಲ್ಲ. ಗುಲಾಮನೆಂದರೆ ಸ್ವತ್ತು, ಸ್ವತ್ತು ಕರಾರು ಮಾಡಿಕೊಳ್ಳಲಾರದೆಂಬುದು ಅದರ ತರ್ಕ. ಒಡೆಯ ಸತ್ತರೆ, ಸಾಲದಲ್ಲಿ ಬಿದ್ದರೆ, ಗಂಡ ಒಂದು ರಾಜ್ಯಕ್ಕೆ, ಹೆಂಡತಿ ಇನ್ನೊಂದಕ್ಕೆ, ಮಗು ಮತ್ತೊಂದಕ್ಕೆ ಮಾರಾಟವಾಗುತ್ತಿದ್ದರು. ಆದರೂ ಅವರು ಮದುವೆಯಾದರು. ಅನೇಕ ಕಡೆ ನೆಲದ ಮೇಲೆ ಪೊರಕೆಯೊಂದನ್ನಿಟ್ಟು, ನೆರೆದವರ ಎದುರಿಗೆ ಜೊತೆಯಾಗಿ ಅದನ್ನು ದಾಟುವುದೇ ಅವರ ವಿವಾಹವಿಧಿಯಾಗಿತ್ತು. ಕಸಬರಿಗೆಯನ್ನು ಲಕ್ಷ್ಮಿಯೆಂದು ತಿಳಿದು ಅದನ್ನು ತುಳಿಯಬಾರದು, ದಾಟಬಾರದು ಎನ್ನುವ ನಮಗೆ ಇದು ವಿಚಿತ್ರವೆನಿಸಬಹುದು. ಆದರೆ ಪುರೋಹಿತನೂ ಇಲ್ಲದ, ದಾಖಲೆಯೂ ಇಲ್ಲದ ಜನ ಮನೆಯಲ್ಲಿದ್ದ ವಸ್ತುವನ್ನೇ ಸಾಕ್ಷಿಯಾಗಿಸಿಕೊಂಡರು.

1865ರಲ್ಲಿ ಅಂತರ್ಯುದ್ಧ ಮುಗಿದು, ಬಿಡುಗಡೆ ಹೊಂದಿದವರ ನೆರವಿಗಾಗಿ ಕೇಂದ್ರ ಸರಕಾರವು 'ಫ್ರೀಡ್‌ಮೆನ್ಸ್ ಬ್ಯೂರೋ' ಎಂಬ ಸಂಸ್ಥೆಯನ್ನು ತೆರೆದಾಗ, ಹಲವು ಕಾಲದಿಂದ ಕೂಡಿ ಬಾಳಿದ ದಂಪತಿಗಳು ವಿವಾಹ ನೋಂದಣಿಗಾಗಿ ಬಂದರು. ಆ ರಿಜಿಸ್ಟರುಗಳು ಇಂದಿಗೂ ಅಮೆರಿಕೆಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಜೀವಮಾನವಿಡೀ ಸರಕಾರಿ ರಿಜಿಸ್ಟರುಗಳ ನಡುವೆ ಬದುಕಿದ ನನಗೆ, ಒಂದು ರಿಜಿಸ್ಟರಿನಲ್ಲಿ ಹೆಸರು ಬರೆಸುವುದು ಇಷ್ಟು ದೊಡ್ಡ ಸಂಭ್ರಮವಾಗಬಲ್ಲದೆಂದು ಎಂದೂ ಹೊಳೆದಿರಲಿಲ್ಲ.

ಇಲಾಖೆಯ ಅನುಭವವೂ ಇಲ್ಲಿ ನೆರವಿಗೆ ಬಂದಿತು. ವಿಳಾಸ ಸಿಗದ ಪತ್ರಗಳು ಬಂದು ಸೇರುವ ಆರ್.ಎಲ್.ಓ. ಕಚೇರಿಯಲ್ಲಿ ನಾನು ಕೆಲವು ಕಾಲ ಕೆಲಸ ಮಾಡಿದ್ದೇನೆ. ಹೆಸರಿದ್ದರೆ ಊರಿಲ್ಲ, ಊರಿದ್ದರೆ ಓಣಿಯಿಲ್ಲ. ಅಂತಹ ಪತ್ರಗಳನ್ನು ಕೈಯಲ್ಲಿ ಹಿಡಿದವನಿಗೆ ನ್ಯೂ ಆರ್ಲಿಯನ್ಸ್‌ನ ಒಂದು ಮೆಥಡಿಸ್ಟ್ ಪತ್ರಿಕೆಯ ಕಥೆ ಕರುಳನ್ನು ಮುಟ್ಟುತ್ತದೆ. 'ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್' ಎಂಬ ಆ ಪತ್ರಿಕೆ 1877ರಿಂದ 'ಕಳೆದುಹೋದ ಬಂಧುಗಳು' ಎಂಬರ್ಥದ ಅಂಕಣವನ್ನು ನಡೆಸಿತು. ಚಂದಾದಾರರಿಗೆ ಉಚಿತ, ಇತರರಿಗೆ 50 ಸೆಂಟ್. ಮಾರಾಟದಲ್ಲಿ ಅಗಲಿದ ತಾಯಿಯನ್ನು, ಗಂಡನನ್ನು, ಒಡಹುಟ್ಟಿದವರನ್ನು ಹುಡುಕುವ ಪ್ರಕಟಣೆಗಳು ಅದರಲ್ಲಿ ಬರುತ್ತಿದ್ದವು. ಅಕ್ಷರ ಬಾರದವರಿಗೂ ಸುದ್ದಿ ತಲುಪಲೆಂದು ಪಾದ್ರಿಗಳು ಇವನ್ನು ಚರ್ಚಿನ ವೇದಿಕೆಯಿಂದ ಓದಿ ಹೇಳಬೇಕೆಂದು ಸಂಪಾದಕರು ವಿನಂತಿಸುತ್ತಿದ್ದರು. ನಮ್ಮವರು ಯಾರ ಸ್ವತ್ತಾಗಿದ್ದರು, ಯಾರಿಗೆ ಮಾರಾಟವಾದರು ಎಂಬುದನ್ನು ಹೇಳದೆ ಹುಡುಕುವಂತಿರಲಿಲ್ಲ. ಮಾರಿದವನ ಹೆಸರೇ ತಾಯಿಯ ವಿಳಾಸ! ಬಿಡುಗಡೆಯಾಗಿ ಹತ್ತಾರು ವರ್ಷ ಕಳೆದ ಮೇಲೂ, ಇಪ್ಪತ್ತನೆಯ ಶತಮಾನದ ಆರಂಭದವರೆಗೂ, ಜನ ಹೀಗೆ ಹುಡುಕುತ್ತಲೇ ಇದ್ದರು. ಮತ್ತೆ ಕೂಡಿದವರು ವಿರಳ. ಸಿಗುವ ಭರವಸೆಯಿಲ್ಲದೆಯೂ ಹುಡುಕುವುದನ್ನು ಪ್ರೀತಿಯಲ್ಲದೆ ಇನ್ನೇನೆಂದು ಕರೆಯೋಣ?

ಮಗಳ ಮಾತಿನ ಅರ್ಥ ಇಲ್ಲಿ ನನಗೆ ತಿಳಿಯಿತು. ನಾವು ಮಾರಾಟದ ಕಟ್ಟೆಯನ್ನು ನೆನೆಯುತ್ತೇವೆ. ಆ ಕಟ್ಟೆಯ ಮೇಲೆ ನಿಂತವರು ಯಾರ ಗಂಡ, ಯಾರ ಮಗಳು ಎಂಬುದನ್ನು ಮರೆಯುತ್ತೇವೆ. ಒಂದು ಜನಾಂಗವನ್ನು ಅದರ ನೋವಿನಿಂದ ಮಾತ್ರ ಗುರುತಿಸುವುದೂ ಒಂದು ಬಗೆಯ ಅನ್ಯಾಯವೇ.

ಕಿಂಗ್ ಅವರನ್ನೇ ನೋಡಿ. ಚರ್ಚಾಸ್ಪರ್ಧೆಯ ನನ್ನ ಕಿಂಗ್ ವೇದಿಕೆಯ ಮೇಲಿನ ವೀರ. ಆದರೆ 1953ರ ಜೂನ್ 18ರಂದು ಅಲಬಾಮಾದಲ್ಲಿ ವಧುವಿನ ತವರುಮನೆಯಂಗಳದಲ್ಲಿ ಅವರಿಗೂ ಕೊರೆಟ್ಟಾ ಸ್ಕಾಟ್ ಅವರಿಗೂ ಮದುವೆಯಾಯಿತು. ಪತಿಗೆ ವಿಧೇಯಳಾಗಿರುತ್ತೇನೆಂಬ ಮಾತನ್ನು ವಿವಾಹಪ್ರತಿಜ್ಞೆಯಿಂದ ಕೊರೆಟ್ಟಾ ತೆಗೆಸಿಹಾಕಿದರು; ವಿಧಿ ನಡೆಸಿದವರು ಸ್ವತಃ ಮಾವನವರು! ಬಿಳಿಯರ ಹೋಟೆಲುಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲವಾದ್ದರಿಂದ ನವದಂಪತಿಗಳು ಮೊದಲ ರಾತ್ರಿಯನ್ನು ಕಳೆದದ್ದು ಪರಿಚಿತರ ಶವಸಂಸ್ಕಾರದ ಮಳಿಗೆಯೊಂದರಲ್ಲಿ. ಆ ದಂಪತಿಗಳೇ 1959ರಲ್ಲಿ ಭಾರತಕ್ಕೆ ಬಂದು, ನಮ್ಮ ಮುಂಬಯಿಯ ಮಣಿಭವನದಲ್ಲಿ, ಗಾಂಧೀಜಿ ತಂಗುತ್ತಿದ್ದ ಮನೆಯಲ್ಲಿ, ಉಳಿದುಕೊಂಡಿದ್ದರು. ಲ್ಯಾಬರ್ನಮ್ ರಸ್ತೆಯಲ್ಲಿ ಎಷ್ಟೋ ಸಲ ನಡೆದಿದ್ದೇನೆ. ಅಲ್ಲಿಗೆ ಬಂದವರು ಗಂಡ-ಹೆಂಡತಿ ಎಂಬುದನ್ನು ಒಮ್ಮೆಯೂ ನೆನೆದಿರಲಿಲ್ಲ.

ಈ ದಿನನಿತ್ಯದ ಒಲವನ್ನು ಕಂಡವರು ಕಲಾವಿದರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಜೇಮ್ಸ್ ವ್ಯಾನ್ ಡೆರ್ ಝೀ ಎಂಬ ಛಾಯಾಗ್ರಾಹಕ ಮದುಮಕ್ಕಳ, ಕುಟುಂಬಗಳ ಚಿತ್ರಗಳನ್ನು ತೆಗೆದರು. 1932ರ ಒಂದು ಚಿತ್ರದಲ್ಲಿ ತುಪ್ಪುಳಿನ ಕೋಟು ತೊಟ್ಟ ಗಂಡು-ಹೆಣ್ಣು ಹೊಳೆಯುವ ಕ್ಯಾಡಿಲಾಕ್ ಕಾರಿನೊಂದಿಗಿದ್ದಾರೆ. ಮಹಾ ಆರ್ಥಿಕ ಮುಗ್ಗಟ್ಟಿನ ವರ್ಷವದು. ಅವರ ಮುಖದಲ್ಲಿ ದೈನ್ಯವಿಲ್ಲ. 1955ರಲ್ಲಿ ರಾಯ್ ಡಿಕರಾವಾ ತೆಗೆದ ಚಿತ್ರಗಳಿಗೆ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಕಥನ ಬರೆದು 'ದಿ ಸ್ವೀಟ್ ಫ್ಲೈಪೇಪರ್ ಆಫ್ ಲೈಫ್' ಎಂಬ ಪುಟ್ಟ ಪುಸ್ತಕ ತಂದರು. ಅದನ್ನು ನಿರೂಪಿಸುವವಳು ಹಾರ್ಲೆಮ್‌ನ ಒಬ್ಬ ಅಜ್ಜಿ. ಮಕ್ಕಳು, ಮೊಮ್ಮಕ್ಕಳು, ಅಡುಗೆಮನೆ, ನೆರೆಹೊರೆ, ಇವೇ ಅವಳ ಪ್ರಪಂಚ. ಆ ಪುಟಗಳನ್ನು ತಿರುವುವಾಗ ನನಗೆ ಹುಬ್ಬಳ್ಳಿಯ ನಮ್ಮ ಅಜ್ಜಿಯ ಪಡಸಾಲೆ ನೆನಪಾಯಿತು. ಹೋರಾಟವೂ ಅಲ್ಲದ, ಉಪದೇಶವೂ ಅಲ್ಲದ ಸುಮ್ಮನೆ ಬಾಳುವ ಹಕ್ಕನ್ನು ಆ ಚಿತ್ರಗಳು ಎತ್ತಿಹಿಡಿಯುತ್ತವೆ.

ಪರಊರಿನಲ್ಲಿ ನೆಲೆಸಿದ ನಾವು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. 19ನೆಯ ಶತಮಾನದ ಕೊನೆಯಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯಿಂದ ಕಸೂತಿ ಬಟ್ಟೆ ಮಾರುತ್ತ ನ್ಯೂ ಆರ್ಲಿಯನ್ಸ್‌ಗೆ ಹೋದ ಮುಸಲ್ಮಾನ ವ್ಯಾಪಾರಿಗಳಲ್ಲಿ ಹಲವರು ಅಲ್ಲಿಯ ಕಪ್ಪು ಬಡಾವಣೆಗಳಲ್ಲಿ ನೆಲೆನಿಂತು, ಅಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು. ವಿವೇಕ್ ಬಾಲ್ಡ್ ಅವರು 2013ರ ತಮ್ಮ ಗ್ರಂಥದಲ್ಲಿ ಈ ಚರಿತ್ರೆಯನ್ನು ಬಿಡಿಸಿಟ್ಟಿದ್ದಾರೆ. ನಮ್ಮವರು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಮನೆಯ ಬಾಗಿಲು ತೆರೆದವರು ಇವರು. ನನ್ನ ಮಗಳು ಹೊಸ ದಾರಿಯನ್ನೇನೂ ತುಳಿದಿಲ್ಲ. ದಾರಿ ಮರೆತವನು ನಾನು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಇಪ್ಪತ್ತೈದು ವರ್ಷಗಳ ಹಿಂದೆ ತಂಗಿಯ ಮದುವೆಗಾಗಿ ನಾನೇ ಒಂದು ವಧೂವರರ ಅಂಕಣಕ್ಕೆ ಪ್ರಕಟಣೆ ಬರೆದುಕೊಟ್ಟಿದ್ದೆ. ತಂಗಿ ಎಣ್ಣೆಗೆಂಪು ಬಣ್ಣದವಳು. 'ಗೌರವರ್ಣದ ಕನ್ಯೆ' ಎಂದು ಬರೆದೆ. ಅವಳು ಅದನ್ನು ಓದಿ ಏನೂ ಹೇಳದೆ ಒಳಗೆ ಹೋದಳು. ನ್ಯೂ ಆರ್ಲಿಯನ್ಸ್‌ನ ಆ ಪ್ರಕಟಣೆಗಳಲ್ಲೂ ಬಣ್ಣದ ಮಾತು ಬಂದಿದ್ದರೆ, ಕಳೆದುಹೋದವರ ಗುರುತು ಹಿಡಿಯುವುದಕ್ಕಾಗಿ. ನಾನು ಬರೆದದ್ದು ಬೆಲೆ ಹೆಚ್ಚಿಸುವುದಕ್ಕಾಗಿ. ನಮ್ಮ ಸಂಘದ ಪತ್ರಿಕೆಯ ವಧೂವರರ ಅಂಕಣದಿಂದ ಬಣ್ಣದ ಉಲ್ಲೇಖವನ್ನು ಕೈಬಿಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಬರುವ ಡಿಸೆಂಬರಿನಲ್ಲಿ ಮಗಳ ಮದುವೆ. ಅಕ್ಷತೆಯೂ ಉಂಟು, ಪೊರಕೆ ದಾಟುವುದೂ ಉಂಟು. ಗುಲಾಮಗಿರಿಯ ಕಾಲದ ಆ ವಿಧಿಯನ್ನು ಇಂದಿನ ತರುಣರು ಹಿರಿಯರ ನೆನಪಿಗಾಗಿ, ಅಭಿಮಾನದಿಂದ ಆಚರಿಸುತ್ತಾರೆ. ನನ್ನ ಹೆಂಡತಿ ಹುಬ್ಬಳ್ಳಿಯಿಂದ ಹೊಸ ಕಸಬರಿಗೆಯೊಂದನ್ನು ತರಿಸಿ, ಅರಿಷಿಣ-ಕುಂಕುಮ ಹಚ್ಚಿ, ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟಿದ್ದಾಳೆ. ತಾವೆಲ್ಲರೂ ಇಲ್ಲಿಂದಲೇ ಮಕ್ಕಳನ್ನು ಹರಸಬೇಕು.