ಆಪತ್ತಿನಲ್ಲಿ ಆತನ ಸನ್ನಿಧಿ

(ಅನುಗೊಂಡನಹಳ್ಳಿಯಲ್ಲಿ ಶ್ರಾವಣ ಮಾಸದ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಪೂಜೆಯ ಹೊತ್ತಿನಲ್ಲಿ ದೇವರಿದ್ದಾನೆ ಎನ್ನುವುದು ಕಷ್ಟವಲ್ಲ. ಗಂಟೆಯ ನಾದವಿರುತ್ತದೆ, ಧೂಪದ ಪರಿಮಳವಿರುತ್ತದೆ, ಪ್ರಸಾದವೂ ಸಿದ್ಧವಾಗಿರುತ್ತದೆ. ಆದರೆ ಅಪರಾತ್ರಿಯಲ್ಲಿ ಮನೆಯ ಮಗನಿಗೆ ಉಸಿರು ಕಟ್ಟುತ್ತಿರುವಾಗ ‘ದೇವರು ಇಲ್ಲೇ ಇದ್ದಾನೆ’ ಎನ್ನುವುದು ಬಹು ಕಷ್ಟ. ಆ ಕಷ್ಟದ ವಿಷಯವನ್ನೇ ಇಂದು ನಾವು ಚಿಂತನೆಗೆ ತೆಗೆದುಕೊಂಡಿದ್ದೇವೆ.

ಸಂಸ್ಕೃತದಲ್ಲಿ ‘ಪದ್’ ಎಂಬುದೊಂದು ಧಾತು. ಸಂಪತ್ತು, ಆಪತ್ತು, ವಿಪತ್ತು ಮೂರೂ ಅದರಿಂದಲೇ ಹುಟ್ಟಿದ ಶಬ್ದಗಳು. ಶರಣಾಗತಿ ಎಂಬರ್ಥದ ‘ಪ್ರಪತ್ತಿ’ಯೂ ಅದೇ ಧಾತುವಿನದು. ಮೇಲೆ ಬಂದು ಬೀಳುವುದು ಆಪತ್ತು. ನಾವಾಗಿ ಹೋಗಿ ಆತನ ಪಾದಕ್ಕೆ ಬೀಳುವುದು ಪ್ರಪತ್ತಿ. ಇನ್ನು ‘ವಿಶ್ವಾಸ’ ಎಂಬುದು ‘ಶ್ವಸ್’ ಧಾತುವಿನಿಂದ ಬಂದದ್ದು. ಶ್ವಸ್ ಎಂದರೆ ಉಸಿರಾಡು. ಭಯ ಬಿಟ್ಟು ನಿರಾಳವಾಗಿ ಉಸಿರಾಡುವುದೇ ವಿಶ್ವಾಸ. ಪಾಠಶಾಲೆಯಲ್ಲಿ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ನಮಗೆ ತಟ್ಟಿದ್ದು 2021ರಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಜನ ಆಮ್ಲಜನಕಕ್ಕಾಗಿ ಊರೂರು ಅಲೆದಾಗ.

ಆ ವರ್ಷ ಒಬ್ಬ ತಾಯಿ ಮಠಕ್ಕೆ ಬಂದಳು. ಪ್ರಾಯದ ಮಗ ತೀರಿಹೋಗಿ ಹದಿನೈದು ದಿನವಾಗಿತ್ತು. ಆಕೆ ಕರಡಿಗೆಯನ್ನು ಕೊರಳಿಂದ ತೆಗೆದು ನಮ್ಮ ಮುಂದಿಟ್ಟು, “ಬುದ್ಧೀ, ನನ್ನ ಮಗನ ಎದೆಯ ಮೇಲೂ ಲಿಂಗವಿತ್ತು. ಅದು ಅವನನ್ನು ಕಾಯಲಿಲ್ಲ. ಇದನ್ನು ನೀವೇ ಇಟ್ಟುಕೊಳ್ಳಿ” ಎಂದಳು. ಲಿಂಗವನ್ನು ಅಂಗದಿಂದ ಅಗಲಿಸಬಾರದೆಂದು ನಾವು ನೂರಾರು ಸಭೆಗಳಲ್ಲಿ ಹೇಳಿದವರು. ಅಂದು ನಮ್ಮ ನಾಲಗೆ ಏಳಲಿಲ್ಲ. ಮುಂಚೆಯಾಗಿದ್ದರೆ ‘ಪ್ರಾರಬ್ಧ ಕರ್ಮ’ ಎಂದು ಹೇಳಿ ಕಳುಹಿಸುತ್ತಿದ್ದೆವೇನೋ. ಹೆತ್ತ ಕರುಳಿನ ಮುಂದೆ ಆ ಮಾತು ಹೇಳುವುದು ಪಾಪವೆಂದು ಅಂದು ತಿಳಿಯಿತು. “ತಾಯೀ, ಪ್ರಸಾದ ತೆಗೆದುಕೊಂಡು ಹೋಗು” ಎಂದಷ್ಟೇ ಹೇಳಿದೆವು. ಆ ರಾತ್ರಿ ಪೂಜೆಯಲ್ಲಿ ಕುಳಿತಾಗ ಆಕೆಯ ಪ್ರಶ್ನೆಯೇ ನಮ್ಮ ಅಂಗೈಯಲ್ಲಿ ಕುಳಿತಿತ್ತು.

ಆಗ ನಮಗೆ ಕಲ್ಯಾಣ ನೆನಪಾಯಿತು. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳಿಕೆಯಲ್ಲಿ ಸಮಗಾರ ಹರಳಯ್ಯನವರ ಮನೆಗೂ ಬ್ರಾಹ್ಮಣ ಮೂಲದ ಮಧುವರಸರ ಮನೆಗೂ ಶರಣರು ಸಂಬಂಧ ಬೆಳೆಸಿದರು. ಅದೇ ಅಪರಾಧವಾಯಿತು. ಆ ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಎದೆಯ ಮೇಲೆ ಲಿಂಗವಿರಲಿಲ್ಲವೇ? ಇತ್ತು. ಅವರ ಭಕ್ತಿಯಲ್ಲಿ ಕೊರತೆಯಿತ್ತೇ? ಇರಲಿಲ್ಲ. ಹಾಗಾದರೆ ಲಿಂಗ ಎಂಬುದು ಸಾವು ತಪ್ಪಿಸುವ ತಾಯಿತವಲ್ಲ. ‘ನಿನಗೆ ಪೂಜೆ ಮಾಡುತ್ತೇನೆ, ನನಗೆ ಏಟು ಬೀಳದಂತೆ ನೋಡಿಕೋ’ ಎಂಬುದು ವ್ಯಾಪಾರವೇ ಹೊರತು ವಿಶ್ವಾಸವಲ್ಲ.

ಮುಂದೇನಾಯಿತು ನೋಡಿ. ಕಲ್ಯಾಣ ಹೊತ್ತಿ ಉರಿದಾಗ ಶರಣರು ಓಡಬೇಕಾಯಿತು. ಹೊನ್ನು ಬೆಳ್ಳಿ ಬಿಟ್ಟರು, ವಚನದ ಕಟ್ಟುಗಳನ್ನು ಹೊತ್ತರು. ಚೆನ್ನಬಸವಣ್ಣನವರು ಮುಂದೆ, ಅಕ್ಕನಾಗಮ್ಮ ತಾಯಿ ಜೊತೆಯಲ್ಲಿ, ಬೆನ್ನಟ್ಟಿದ ದಂಡನ್ನು ತಡೆಯಲು ಮಡಿವಾಳ ಮಾಚಿದೇವರು ಹಿಂದೆ. ಹೀಗೆ ಪಶ್ಚಿಮಘಟ್ಟದ ಕಾಡಿನೊಳಗಿನ ಉಳವಿಯವರೆಗೆ ಹೋದರು. ದಾರಿಯಲ್ಲಿ ಬಿದ್ದವರು ಬಿದ್ದರು. ಆದರೆ ಬಿದ್ದವನ ಕೈಯ ಕಟ್ಟನ್ನು ಮತ್ತೊಬ್ಬ ಎತ್ತಿಕೊಂಡ. ಹಾಗೆ ಮನೆಮನೆಯ ಜಗಲಿಯಲ್ಲಿ ಉಳಿದ ಓಲೆಗಳನ್ನು ಫ. ಗು. ಹಳಕಟ್ಟಿಯವರು ಹುಡುಕಿ ತೆಗೆದು 1923ರಲ್ಲಿ ವಚನಶಾಸ್ತ್ರಸಾರವನ್ನು ಮುದ್ರಿಸಿದರು. ದೇವರು ಕಲ್ಯಾಣದಲ್ಲಿ ಎಲ್ಲಿದ್ದ? ಆ ಕಟ್ಟು ಎತ್ತಿಕೊಂಡ ಕೈಗಳಲ್ಲಿದ್ದ.

ಇನ್ನೊಂದು ಮಾತು. ವಿಶ್ವಾಸವೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಮಾರಿ ಬಂತು. ಇಲಿ ಬಿದ್ದ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರು ಬದುಕಿಕೊಂಡರೆಂದು ನಮ್ಮ ಸೀಮೆಯ ಹಿರಿಯರು ಹೇಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುವುದೆಂದು ಆಮೇಲೆ ಲೋಕಕ್ಕೆ ತಿಳಿಯಿತು. ಹಾಫ್ಕಿನ್ ಎಂಬ ವಿದ್ವಾಂಸರು 1897ರಲ್ಲಿ ಮುಂಬಯಿಯಲ್ಲಿ ಅದಕ್ಕೆ ಲಸಿಕೆ ಸಿದ್ಧಪಡಿಸಿ, ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಜನ ಆ ಸೂಜಿಗೆ ಹೆದರಿ ಓಡಿದರು. ಕೊರೋನಾದಲ್ಲಿಯೂ ‘ನಮಗೆ ದೇವರಿದ್ದಾನೆ, ಲಸಿಕೆ ಏಕೆ?’ ಎಂದವರನ್ನು ನಾವು ಕಂಡಿದ್ದೇವೆ. ವೈದ್ಯನ ಕೈಯಲ್ಲಿ ದೇವರನ್ನು ಕಾಣದವನು ಗುಡಿಯ ಕಲ್ಲಿನಲ್ಲಿ ಹೇಗೆ ಕಂಡಾನು? ಬಾವಿಗೆ ಬಿದ್ದವನು ಶಿವನನ್ನು ಕೂಗಬೇಕು, ಇಳಿಬಿಟ್ಟ ಹಗ್ಗವನ್ನೂ ಹಿಡಿಯಬೇಕು.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ಆಕೆ ಪ್ರತಿ ಸೋಮವಾರ ಬಂದು ದಾಸೋಹದಲ್ಲಿ ರಾಗಿ ಹಸನು ಮಾಡಿ ಹೋಗುತ್ತಿದ್ದಳು. ಕರಡಿಗೆಯನ್ನು ಕೇಳಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಪೂಜೆ ಮಾತ್ರ ನಾವೇ ಮಾಡುತ್ತಿದ್ದೆವು. ನಾಲ್ಕು ತಿಂಗಳಾದ ಮೇಲೆ ಒಂದು ದಿನ ತಾನಾಗಿಯೇ ಹೇಳಿದಳು: “ಬುದ್ಧೀ, ಮಗ ಹೋದ ದಿನ ಬಂಧುಗಳು ಬೀದಿಯ ತುದಿಯಲ್ಲೇ ನಿಂತರು. ಜಾತಿಯಲ್ಲಿ ನಮ್ಮವರಲ್ಲದ ನಾಲ್ಕು ಹುಡುಗರು ಬಂದು ಅವನನ್ನು ಎತ್ತಿದರು, ಗುಂಡಿ ತೋಡಿದರು, ವಿಭೂತಿ ಕೇಳಿ ತೆಗೆದುಕೊಂಡು ಹಾಕಿದರು. ಅವರನ್ನು ಯಾರು ಕಳುಹಿಸಿದರು?” ನಾವು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಆಕೆ ಕೈಚಾಚಿದಳು, ನಾವು ಲಿಂಗವನ್ನು ಆ ಅಂಗೈಗೆ ಇಟ್ಟೆವು. ಆಕೆಯ ದುಃಖ ಹೋಯಿತೆಂದು ನಾವು ಹೇಳುವುದಿಲ್ಲ. ಇಂದಿಗೂ ಅಳುತ್ತಾಳೆ, ಆದರೆ ಲಿಂಗವನ್ನು ಹಿಡಿದುಕೊಂಡು ಅಳುತ್ತಾಳೆ.

ಭಕ್ತರೇ, ಬೆಳೆ ಒಣಗಬಹುದು, ಸಾವಿರ ಅಡಿ ಕೊರೆದರೂ ನೀರು ಬಾರದಿರಬಹುದು, ದುಡಿಯಲು ಹೋದ ಮಗನಿಗೆ ರಸ್ತೆಯಲ್ಲಿ ಏಟಾಗಬಹುದು. ಅಂಥ ಹೊತ್ತಿನಲ್ಲಿ ಎರಡು ಕೆಲಸ ಮಾಡಿ. ಮೊದಲು ಅಂಗೈಯಲ್ಲಿ ಲಿಂಗವನ್ನು ಹಿಡಿದು ನಿಧಾನವಾಗಿ ಉಸಿರು ತೆಗೆದುಕೊಂಡು ‘ಓಂ ನಮಃ ಶಿವಾಯ’ ಎನ್ನಿ. ಆಮೇಲೆ ಏಳಿ, ಮಾಡಬೇಕಾದುದನ್ನು ಮಾಡಿ. ಪಕ್ಕದ ಮನೆಗೆ ಆಪತ್ತು ಬಂದಾಗ ದೇವರು ಬರಲೆಂದು ಕಾಯಬೇಡಿ. ಆತನ ಕೈಯಾಗಿ ನೀವೇ ಹೋಗಿ. ‘ಯಾರು ಕಳುಹಿಸಿದರು?’ ಎಂದು ನಾಳೆ ಯಾವುದೋ ತಾಯಿ ಕೇಳುವಾಗ ಆ ಹೋದವರು ನೀವಾಗಿರಬೇಕು.

ಅಂಥ ಧೈರ್ಯವನ್ನೂ ಅಂಥ ದಯೆಯನ್ನೂ ಪರಶಿವನು ನಿಮಗೆಲ್ಲ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹೇಳುತ್ತೇವೆ. ಸರ್ವರಿಗೂ ಶುಭವಾಗಲಿ.